ಕಥೆಯೊಳಗಿನ ಹೆಂಡತಿ

"ಈ ಕಥೆಯ ನಿರೂಪಕಿ ಸುಳ್ಳು ಹೇಳ್ತಿದಾಳೆ!"

ಎಜ್ರಾ ಹಾಗೆಂದಿದ್ದೇ ತಡ, ಮಾರ್ನಿಯ ಮುಖ ಕೆಂಪಗಾಯಿತು. ಕಥೆ ಅವಳದು. ಆದರೆ ಏನು ಮಾಡುವುದು? ತಮ್ಮ ಕಥೆಯ ಚರ್ಚೆ ನಡೆಯುವಾಗ ಬರೆದವರು ತುಟಿಪಿಟಕ್ಕೆನ್ನಬಾರದು. ಅದು ಆ ಕಥೆ ಬರೆಯುವ ತರಗತಿಯ ನಿಯಮ. ಉಳಿದವರೂ ಅವಳತ್ತ ತಿರುಗಿ 'ನೀವು' ಎನ್ನುವಂತಿಲ್ಲ, 'ನಿರೂಪಕಿ' ಎನ್ನಬೇಕು.

"ಗಂಡಸರ ಸಹವಾಸ ಸಾಕು ಅಂತಾಳೆ. ಹಾಗನ್ನುವಾಗಲೂ ಬಾಗಿಲ ಕಡೆನೇ ನೋಡ್ತಿರ್ತಾಳೆ. ಯಾರೋ ಬರಲಿ ಅಂತ ಕಾಯ್ತಿದಾಳೆ, ಪಾಪ."

ಪಾಪವಂತೆ ಪಾಪ! ಯಾರಪ್ಪ ಇವನು?

ಅಮೆರಿಕದ ವರ್ಮಾಂಟಿನ ಗುಡ್ಡದ ಮೇಲಿನ ಆ ಪುಟ್ಟ ಕಾಲೇಜಿಗೆ ವರ್ಷಕ್ಕೆ ಎರಡು ಸಲ ಬಂದು, ಕೆಲವು ದಿನ ಅಲ್ಲೇ ಉಳಿದರೆ ಸಾಕಿತ್ತು. ಮಿಕ್ಕಂತೆ ಮನೆಯಲ್ಲೇ ಕೂತು ಬರೆದು, ಮೇಷ್ಟರಿಗೆ ಕಳಿಸಿ, ಪದವಿ ಪಡೆಯಬಹುದು. ಶಾಲೆಯ ಬಸ್ ಓಡಿಸುವ ಮಾರ್ನಿಗೆ ಇದು ಮೊದಲ ವರ್ಷ. ನ್ಯೂ ಹೇವನ್ನಿನಲ್ಲಿ ಮನೆಮನೆಯ ಹೀಟರ್ ರಿಪೇರಿ ಮಾಡುವ ಎಜ್ರಾಗೆ ಇದೇ ಕೊನೆಯ ಸಲ. ಈ ಬಾರಿ ಪದವಿ ಸಿಕ್ಕಿತೆಂದರೆ ಅವನು ಮತ್ತೆ ಈ ಗುಡ್ಡ ಹತ್ತಬೇಕಾಗಿಲ್ಲ.

ಊಟದ ಮನೆಯಲ್ಲಿ ಸೂಪಿನ ಬಟ್ಟಲು ಹಿಡಿದು ಅವನೇ ಎದುರಿಗೆ ಬಂದು ಕೂತ.

"ಕೋಪ ಬಂತಾ?"

"ಬಂತು. ನೀವು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೆ ಇನ್ನೂ ಜಾಸ್ತಿ ಬಂತು!"

ಅವನು ನಕ್ಕ. ಆ ನಗುವಿಗೆ ನಮ್ಮ ಮಾರ್ನಿ ಅಲ್ಲೇ ಬಿದ್ದಳು. ಒಪ್ಪಿಕೊಳ್ಳಲು ಮಾತ್ರ ಮೂರು ದಿನ ಹಿಡಿಯಿತು! ಆ ಮೂರೂ ದಿನ ಊಟ ಒಟ್ಟಿಗೆ, ಹಿಮದಲ್ಲಿ ನಡಿಗೆ ಒಟ್ಟಿಗೆ. ಬೆಳಿಗ್ಗೆ ಎದ್ದರೆ ಸಾಕು, ಯಾವಾಗ ಅವನನ್ನು ನೋಡುತ್ತೇನೋ ಎಂಬ ತವಕ...

ಆಮೇಲೆ ಎಜ್ರಾನ ಕಥೆಯ ಸರದಿ ಬಂತು.

'ನನ್ನ ಹೆಂಡತಿ ಓಡೆಟ್ ಎಂಥ ಚಳಿಯಲ್ಲೂ ಎದ್ದ ಕೂಡಲೇ ಕಿಟಕಿ ತೆರೆಯುತ್ತಾಳೆ. ಬೈದರೆ, ತಣ್ಣನೆಯ ಪಾದಗಳನ್ನು ನನ್ನ ಬೆನ್ನಿಗೆ ಒತ್ತುತ್ತಾಳೆ...'

ಮಾರ್ನಿಗೆ ಮುಂದಿನ ಸಾಲು ಕಾಣಿಸಲಿಲ್ಲ. ಹೆಂಡತಿ! ಇಷ್ಟು ಮುದ್ದಾದ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡು ನನ್ನೆದುರು ಹಲ್ಲು ಕಿರಿಯುತ್ತಾನಾ?

ಅಂದಿನಿಂದ ಅವಳು ಬೇರೆ ಮೇಜಿಗೆ ಹೋದಳು. ಅವನು ನಗುತ್ತಾ ಎದುರಾದರೆ ಗೋಡೆ ನೋಡಿದಳು. ಕೋಣೆಗೆ ಬಂದು ದಿಂಬಿಗೆ ಮುಖ ಒತ್ತಿ ಅತ್ತಳು ಕೂಡ. ಅದನ್ನು ಮುಚ್ಚಿಡುವುದೇಕೆ!

ಕೊನೆಯ ದಿನ ಎಲ್ಲರನ್ನೂ ರೈಲಿಗೆ ಬಿಡಬೇಕಿದ್ದ ವ್ಯಾನಿನ ಚಾಲಕನಿಗೆ ಜ್ವರ. "ನನ್ನ ಕಾರು ಇಲ್ಲೇ ಇದೆ, ಹೇಗೂ ವಾಪಸ್ ಬರಬೇಕು. ನಾನು ಓಡಿಸ್ತೀನಿ" ಎಂದು ಮಾರ್ನಿ ಮುಂದೆ ಬಂದಳು. ಹಿಂದಿನ ಸೀಟುಗಳು ಜನರಿಂದ, ಪೆಟ್ಟಿಗೆಗಳಿಂದ ತುಂಬಿ, ಕೊನೆಗೆ ಬಂದ ಎಜ್ರಾಗೆ ಉಳಿದದ್ದು ಅವಳ ಪಕ್ಕದ ಸೀಟು ಮಾತ್ರ.

"ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅವನು ಮೆಲ್ಲಗೆ ಕೇಳಿದ.

"ರಸ್ತೆ ಜಾರ್ತಿದೆ. ಓಡಿಸೋರ ಹತ್ರ ಮಾತಾಡಬೇಡಿ."

ಸ್ವಲ್ಪ ದೂರ ಹೋದ ಮೇಲೆ ಅವಳಿಗೇ ತಡೆಯಲಾಗಲಿಲ್ಲ. "ಮನೇಲಿ ಕಾಯ್ತಿರ್ತಾರೆ. ಹೊರಟೆ ಅಂತ ಫೋನಾದ್ರೂ ಮಾಡಿ."

"ಯಾರು ಕಾಯ್ತಾರೆ? ನಮ್ಮನೇಲಿರೋದು ಬೆಕ್ಕು."

"ಛೀ! ಓಡೆಟ್ ನಿಮಗೆ ಬೆಕ್ಕಾ? ನಾಚಿಕೆ ಆಗಲ್ವಾ?"

ಹಿಂದಿನ ಸೀಟಿನವರೆಲ್ಲ ಕಿವಿ ನಿಮಿರಿಸಿದರು. ಎಜ್ರಾ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ.

"ನನ್ನ ಕಥೆಯ ಓಡೆಟ್ಟಾ? ಅವಳು ನಾನು ಹುಟ್ಟಿಸಿದವಳು ಕಣ್ರೀ! ನಂಗೆ ಮದುವೇನೇ ಆಗಿಲ್ಲ!"

ಪಾಠ ಹೇಳುವ ವಿನಿಫ್ರೆಡ್ ಮೇಡಂ ಹಿಂದಿನ ಸೀಟಿನಿಂದ ಗುಡುಗಿದರು: "ಮಾರ್ನಿ! ಮೊದಲನೇ ಪಾಠ ಏನು?"

"ನಿರೂಪಕ ಬೇರೆ... ಬರೆದವರು ಬೇರೆ..."

"ಹಿಂದಿನೋರಿಗೂ ಕೇಳಿಸ್ಲಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾರ್ನಿಗೆ ನಾಚಿಕೆಯಲ್ಲೂ ಕುಣಿಯುವಷ್ಟು ಖುಷಿ! ಮದುವೆ ಆಗಿಲ್ಲ... ಆಗಿಲ್ಲ!

"ಮತ್ತೆ ಅಷ್ಟು ನಿಜ ಅನ್ಸೋ ಹಾಗೆ ಯಾಕೆ ಬರೆದ್ರಿ?"

"ಇದು ಬೈಗುಳನಾ, ಹೊಗಳಿಕೆನಾ?"

"ಎರಡೂ!"

ನಗು ಮುಗಿಯುವಷ್ಟರಲ್ಲಿ ನಿಲ್ದಾಣ ಬಂತು. ರೈಲೂ ಬಂತು. ವಿನಿಫ್ರೆಡ್ ಹತ್ತಿದರು, ಉಳಿದವರು ಹತ್ತಿದರು. ಎಜ್ರಾ ಬಾಗಿಲ ಮೆಟ್ಟಿಲ ಮೇಲೆ ಚೀಲ ಹಿಡಿದು ತಿರುಗಿ ನಿಂತ. ಏನೋ ಹೇಳಲು ಹೋಗಿ, "ಚೆನ್ನಾಗಿ ಬರೀರಿ" ಎಂದಷ್ಟೇ ಹೇಳಿದ.

ಅಷ್ಟೇನಾ? ಬೇಸಿಗೆಯಲ್ಲಿ ನಾನು ಮತ್ತೆ ಗುಡ್ಡಕ್ಕೆ ಬರುತ್ತೇನೆ. ಅವನಿರುವುದಿಲ್ಲ. ಈಗ ಹೇಳದಿದ್ದರೆ ಇನ್ಯಾವಾಗ?

"ಎಜ್ರಾ!" ಮಾರ್ನಿ ಓಡಿದಳು. "ಒಬ್ಬಳು ಬಸ್ ಓಡಿಸೋಳು ಇದ್ಲು... ಕಥೆ ಕಲಿಯೋಕೆ ಬಂದ್ಲು... ಅಲ್ಲಿ ಒಬ್ಬ..."

"ಆ ಕಥೆ ಆಮೇಲೆ," ಎಜ್ರಾ ತಡೆದ. "ನೀನು ಹೇಳು, ಮಾರ್ನಿ."

ನೀನು! ಅವಳ ಕಣ್ಣು ತುಂಬಿ ಬಂತು.

"ಹತ್ತೋದಿದ್ರೆ ಹತ್ತು, ಇಳಿಯೋದಿದ್ರೆ ಇಳಿ!" ಕಿಟಕಿಯ ಹಿಂದಿನಿಂದ ವಿನಿಫ್ರೆಡ್ ಕೈಸನ್ನೆಯಲ್ಲೇ ಬೈದರು.

ಎಜ್ರಾ ಇಳಿದ. ರೈಲು ಹೊರಟಿತು.

"ನಿನ್ನ ರೈಲು..."

"ಹೋಗ್ಲಿ. ನಾಳೆನೂ ಇದೆ. ಹೇಳು."

"ನಾನು ನಿನ್ನ ಪ್ರೀತಿಸ್ತೀನಿ, ಎಜ್ರಾ. ಯಾವ ನಿರೂಪಕಿನೂ ಅಲ್ಲ. ನಾನು."

ಎಜ್ರಾ ಚೀಲವನ್ನು ಹಿಮದ ಮೇಲೇ ಬಿಟ್ಟು, ಅವಳ ಎರಡೂ ಕೈ ಹಿಡಿದುಕೊಂಡ.

"ನಾನೂ."