ಕೊನೆಯ ಕಪಾಟಿನ ಹಿಂದೆ

ನಾನು ಶಾಲೆಯೊಂದರ ಲೈಬ್ರರಿಯನ್. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಐದನೇ ಕ್ಲಾಸಿನ ಒಬ್ಬ ಹುಡುಗಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಉಳಿದವರು ನಗುತ್ತಾರೆಂದು ಊಟದ ಬಿಡುವಿನಲ್ಲಿ ಕೊನೆಯ ಕಪಾಟಿನ ಹಿಂದೆ ಹೋಗಿ ಕೂರುತ್ತಿದ್ದಳು. ಪಕ್ಕದಲ್ಲಿ ಕೂತು ಓದಿಸಬೇಕೆಂದು ನನಗೂ ಆಸೆ. ಆದರೆ ಪುಸ್ತಕ ಕೊಡುವ, ವಾಪಸ್ ಪಡೆಯುವ ಗಡಿಬಿಡಿಯಲ್ಲಿ ತಲೆಯೆತ್ತಲೂ ಪುರುಸೊತ್ತಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಪಾಟಿನ ಹಿಂದಿನಿಂದ ಹೆಂಗಸಿನ ದನಿ ಕೇಳಿಸಿತು. ಅವಳು ಒಂದು ಸಾಲು ಓದಿದರೆ ಹುಡುಗಿ ಅದನ್ನೇ ತಿರುಗಿ ಓದುತ್ತಿದ್ದಳು. ಯಾರೋ ಟೀಚರ್ ಇರಬೇಕೆಂದು ಎದ್ದು ಹೋದೆ. ಹುಡುಗಿ ಒಬ್ಬಳೇ ಇದ್ದಳು. ಹೊರಗೆ ಸುಡುಬಿಸಿಲು, ಅಲ್ಲಿ ಮಾತ್ರ ನೆಲ ಕಾಲು ಕೊರೆಯುವಷ್ಟು ತಣ್ಣಗಿತ್ತು. ಪಕ್ಕದ ಕುರ್ಚಿ ಮುಟ್ಟಿದೆ. ಆಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿತ್ತು.

"ಯಾರಮ್ಮ ಓದಿಸ್ತಿದ್ದಿದ್ದು?"

ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ. "ನೀವೇ ಅಲ್ವಾ ಮಿಸ್, ದಿನಾ ಓದಿಸೋದು?"

ಮಕ್ಕಳಾಟಿಕೆ ಎಂದುಕೊಂಡು ನನ್ನ ಮೇಜಿಗೆ ಮರಳಿದೆ.

ಮಾರನೆಯ ದಿನವೇ ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ವಾರ ಅವಳ ಮಂಚದ ಬಳಿಯಿಂದ ಕದಲಲಿಲ್ಲ. ಮರಳಿ ಬಂದಾಗ ಹುಡುಗಿಯ ಅಪ್ಪ ಲೈಬ್ರರಿಯ ಬಾಗಿಲಲ್ಲಿ ಕಾಯುತ್ತಿದ್ದರು.

"ನಿನ್ನೆ ರಾತ್ರಿ ಮಗಳು ಅವಳಜ್ಜಿಗೆ ಪೇಪರ್ ಓದಿ ಹೇಳಿದ್ಲು ಮೇಡಂ. ನಿಮ್ಮ ಋಣ ತೀರಿಸೋಕಾಗಲ್ಲ."

"ನಾನು ರಜೆಯಲ್ಲಿದ್ದೆನಲ್ಲ," ಎಂದೆ.

ಅವರು ನಕ್ಕರು. "ನಿನ್ನೆ ಅವಳನ್ನ ಕರ್ಕೊಂಡು ಹೋಗೋಕೆ ಬಂದಾಗ ಕಿಟಕಿಯಿಂದ ನೋಡಿದ್ನಲ್ಲ. ಪಕ್ಕದಲ್ಲೇ ಕೂತು ಓದಿಸ್ತಿದ್ರಿ. ಮಧ್ಯ ಬಾಯಿ ಹಾಕೋದು ಬೇಡ ಅಂತ ಹೊರಗೇ ನಿಂತೆ."

ಲೈಬ್ರರಿಗೆ ಇರುವುದು ಒಂದೇ ಕೀಲಿ. ವಾರವಿಡೀ ಅದು ನನ್ನ ಪರ್ಸಿನಲ್ಲಿತ್ತು. ಬಾಗಿಲಿಗೆ ಹಾಕಿದ ಬೀಗ ಹಾಗೆಯೇ ಇತ್ತು.