ಬಿಸಿಯಾಗದ ಎಡಮಗ್ಗಲು

ನನ್ನ ಎಡಗೈಗೆ ಲಯ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಯಲು ಸೇರಿ ಎರಡು ವರ್ಷವಾದರೂ ವಾದ್ಯವೃಂದದವರು ನನ್ನನ್ನು ತೆಗೆದುಕೊಂಡಿರಲಿಲ್ಲ. ಕೊನೆಯ ಆಯ್ಕೆಗೆಂದು ಹಳಿಯಾಳದ ಹತ್ತಿರದ ನಮ್ಮೂರಿನಿಂದ ತೀರಿಕೊಂಡ ಅಜ್ಜನ ಡಮಾಮಿ ತಂದೆ. ಅದು ನಮ್ಮ ಸಿದ್ದಿ ಜನ ಎರಡೂ ಮಗ್ಗಲು ಬಾರಿಸುವ ಡೋಲು.

“ಬೆಂಕಿಗೆ ಕಾಸು, ಹಿರಿಯರಿಗೆ ಮೊದಲ ಹೇಳು, ಆಮ್ಯಾಲೆ ಕೈ ಹಚ್ಚು,” ಎಂದು ಇಜಾಬೆಲ್ ಅತ್ತೆ ಹೇಳಿ ಕಳಿಸಿದ್ದಳು.

ಅಭ್ಯಾಸದ ಕೋಣೆಯಲ್ಲಿ ಬೆಂಕಿ ಹಾಕುವಂತಿಲ್ಲ. ಹಾಸ್ಟೆಲಿನ ಇಸ್ತ್ರಿಪೆಟ್ಟಿಗೆ ತಂದು, ಚರ್ಮ ಬಿಗಿಯಾಗಲೆಂದು ಹತ್ತಿರ ಹಿಡಿದು ಕಾಸಿದೆ. ತೀರಿಹೋದ ಹಿರಿಯರನ್ನು ನೆನೆದು ಅಪ್ಪಣೆ ಕೇಳುವುದನ್ನು ಮರೆತೆ.

“ಇಸ್ತ್ರಿ ಹೊಡ್ಯಾಕತ್ತೀಯಲ್ಲ ಜ್ಯೂಲಿ, ಮದುವಿಗೆ ಹೊಂಟೈತೇನು ಅದು?” ಎಂದು ಪಿಟೀಲು ನುಡಿಸುವ ತನ್ವೀರ ನಕ್ಕ.

ಬಲಮಗ್ಗಲು ಬಿಸಿಯಾಯಿತು. ಎಷ್ಟು ಹೊತ್ತು ಕಾಸಿದರೂ ಎಡಮಗ್ಗಲು ಬಾವಿಯ ನೀರಿನಷ್ಟು ತಣ್ಣಗೇ ಇತ್ತು.

ಬೆಳಿಗ್ಗೆ ಹತ್ತಕ್ಕೆ ಆಯ್ಕೆಯಲ್ಲಿ ವಾದ್ಯವೃಂದದ ಹನ್ನೆರಡು ಜನರ ನಡುವೆ ಕೂತು ಬಾರಿಸಿದೆ. ನನ್ನ ಕೈ ತಾಗುವ ಮುಂಚೆಯೇ ಎಡಮಗ್ಗಲು ಪ್ರತಿ ಸಲ ನುಡಿಯುತ್ತಿತ್ತು. ಚರ್ಮ ಬೆರಳಿನ ಅಗಲಕ್ಕೆ ತಗ್ಗಿ ಏಳುವುದನ್ನು ಕಣ್ಣಾರೆ ಕಂಡೆ. ಆ ತಗ್ಗುಗಳ ಹಿಂದೆ ಕೈ ಓಡಿಸಿದೆ, ಅಷ್ಟೆ. ಒಂದು ಪೆಟ್ಟೂ ತಪ್ಪಲಿಲ್ಲ.

“ಇಷ್ಟ ದಿನಾ ಈ ಕೈ ಎಲ್ಲಿ ಇಟ್ಟಿದ್ದಿಯವಾ?” ಎಂದು ಆಯ್ಕೆ ಮಾಡುವ ಮೇಷ್ಟ್ರು ಕೇಳಿದರು.

ಅಂದೇ ವಾದ್ಯವೃಂದಕ್ಕೆ ಸೇರಿದೆ. ಈಗ ಊರೂರು ಸುತ್ತಿ ಬಾರಿಸುತ್ತೇನೆ, ಸುಖವಾಗಿದ್ದೇನೆ. ಚಹಾದ ಲೋಟವನ್ನು ಮಾತ್ರ ಬಲಗೈಯಲ್ಲೇ ಹಿಡಿಯುತ್ತೇನೆ. ಅಂದಿನಿಂದ ಎಡಗೈಯ ಬೆರಳುಗಳಿಗೆ ಬಿಸಿ ಗೊತ್ತಾಗುವುದಿಲ್ಲ. ಹೋದದ್ದು ಆ ತಣ್ಣನೆಯ ಚರ್ಮಕ್ಕೆ ತಾಗಿದ ನಾಲ್ಕು ಬೆರಳಿನ ಸ್ಪರ್ಶ, ತಾಗದ ಹೆಬ್ಬೆರಳೊಂದು ಉಳಿದಿದೆ.