ಕನ್ಸೋಲ್ ಸಾಕು ಅಂತ ಹೇಳಲಿಲ್ಲ

"ಗೇಮ್ ಆಡೋ ಹೊಸ ಕನ್ಸೋಲ್ ಬಂದಿದೆಯಲ್ಲ, ಅದು ನಿಮ್ಮ ಈ ದುಬಾರಿ ಪಿಸಿಗೆ ಸಾಟಿಯಾಗುತ್ತಾ?"

ಒಂದು ಕಾಲು ಇನ್ನೂ ಬಾಗಿಲ ಹೊರಗೇ ಇತ್ತು, ಅಷ್ಟರಲ್ಲೇ ಅವಳು ಕೇಳಿದ್ದಳು. ನಾನು ಒಂದು ಪಿಸಿಯ ಕ್ಯಾಬಿನೆಟ್ಟಿನೊಳಗೆ ಮೊಣಕೈವರೆಗೂ ಕೈ ಹಾಕಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಫ್ಯಾನಿನ ವೈರು ಎಲ್ಲಿ ನುಸುಳಿತು ಅಂತ ತಡಕಾಡುತ್ತಿದ್ದೆ.

ಹನ್ನೊಂದು ವರ್ಷದಿಂದ ಗೇಮಿಂಗ್ ಪಿಸಿ ಜೋಡಿಸುತ್ತಿದ್ದೇನೆ. ಈ ಪ್ರಶ್ನೆಯನ್ನು ಸಾವಿರ ಸಲ ಕೇಳಿಸಿಕೊಂಡಿದ್ದೇನೆ. ಎಲ್ಲಿ ಕೂತು ಆಡ್ತೀರಿ, ಎಷ್ಟು ಹೊತ್ತು ಆಡ್ತೀರಿ ಅಂತ ಕೇಳುವುದು. ಟಿವಿ ಮುಂದೆ ಸೋಫಾದಲ್ಲಿ ಅಂದರೆ, "ಕನ್ಸೋಲ್ ಸಾಕು, ಸುಮ್ಮನೆ ಪಿಸಿ ಯಾಕೆ?" ಅಂತ ಕಳಿಸಿಬಿಡುವುದು. ಅಂಗಡಿ ಚಿಕ್ಕಪ್ಪನದು. ನಾನು ಹೀಗೆ ಹೇಳಿದಾಗೆಲ್ಲ ಅವರಿಗೆ ಮೈಯೆಲ್ಲಾ ಉರಿಯುತ್ತದೆ. ಆದರೂ ಊರೆಲ್ಲ ನನ್ನನ್ನು ನಂಬುವುದು ಅದೊಂದು ಕಾರಣಕ್ಕೆ.

"ಎಲ್ಲಿ ಕೂತು ಆಡ್ತೀರಿ?"

"ಟಿವಿ ಮುಂದೆ. ಸೋಫಾದಲ್ಲಿ. ಕೆಲಸದಿಂದ ಬಂದ್ಮೇಲೆ ಒಂದೆರಡು ಗಂಟೆ."

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಸ್ಕ್ರೂ ತೆಗೆದು ಬಾಯಿ ತೆರೆದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ತಲೆ ಸ್ವಲ್ಪ ವಾಲಿಸಿ, ಕಣ್ಣು ಕಿರಿದು ಮಾಡಿ, ಏನೋ ಓದುವವಳ ಹಾಗೆ. ಯಾರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

"ಅದು... ಒಂದೇ ಮಾತಲ್ಲಿ ಹೇಳೋಕಾಗಲ್ಲ," ಅಂದೆ. "ಒಂದು ಲಿಸ್ಟ್ ಮಾಡಿಡ್ತೀನಿ. ಗುರುವಾರ ಬರ್ತೀರಾ?"

"ಗುರುವಾರ ನನಗೆ ಅರ್ಧ ದಿನ ರಜ. ಬರ್ತೀನಿ."

ಅವಳು ಹೋದ ಮೇಲೆ ಬಹಳ ಹೊತ್ತು ನಾನು ಕೈಯಲ್ಲಿದ್ದ ಸ್ಕ್ರೂವನ್ನೇ ಹುಡುಕುತ್ತಿದ್ದೆ.

ಗುರುವಾರ ಬಂದಳು. ಕುಪ್ಪಸದ ತೋಳಿನ ಅಂಚಿಗೆ ಬಿಳಿ ಪುಡಿ ಮೆತ್ತಿತ್ತು. ಕೇಳಲು ನನಗೆ ಧೈರ್ಯವಾಗಲಿಲ್ಲ. ಚಿಕ್ಕಪ್ಪನಿಗೆ ಆ ತೊಂದರೆ ಇಲ್ಲ.

"ಏನಮ್ಮಾ, ಸುಣ್ಣ ಬಳಿಯೋ ಕೆಲಸವಾ?"

"ಹಲ್ಲು ಮಾಡ್ತೀನಿ," ಅಂದಳು. "ಡಾಕ್ಟ್ರು ಅಳತೆ ಕಳಿಸ್ತಾರೆ. ನಾನು ಲ್ಯಾಬಲ್ಲಿ ಹಲ್ಲು ಮಾಡಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ ಕೊಡ್ತೀನಿ. ಯಾವುದು ಹುಟ್ಟಿದ್ದು, ಯಾವುದು ಮಾಡಿದ್ದು ಅಂತ ಗೊತ್ತಾಗಬಾರದು."

ಅಂದಿನಿಂದ ಅವಳು ಚಿಕ್ಕಪ್ಪನ ಬಾಯಲ್ಲಿ ಹಲ್ಲಿನ ಮೇಡಂ. ನನ್ನ ತಲೆಯಲ್ಲಿ ಮಾತ್ರ ಹೊಸದೊಂದು ಗೊಂದಲ ಶುರುವಾಯಿತು. ಹಾಗಾದರೆ ಅವಳು ನೋಡುತ್ತಿರುವುದು ನನ್ನನ್ನೋ, ನನ್ನ ಹಲ್ಲನ್ನೋ? ಆ ವಾರ ದಿನಕ್ಕೆ ಮೂರು ಸಲ ಹಲ್ಲುಜ್ಜಿದೆ.

ಲಿಸ್ಟನ್ನು ಅವಳು ಬೆರಳಿಟ್ಟು ಓದಿದಳು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್, ಒಂದನ್ನೂ ಬಿಡಲಿಲ್ಲ.

"ಇದು ಕನ್ಸೋಲನ್ನ ಸೋಲಿಸುತ್ತಾ?"

"ಸರಿಸಮ ಆಗುತ್ತೆ."

"ಬೆಲೆ?"

"ಹೆಚ್ಚುಕಮ್ಮಿ... ಎರಡರಷ್ಟು."

"ಎರಡರಷ್ಟು ಕೊಟ್ಟು ಸರಿಸಮಾನಾ?" ಹುಬ್ಬು ಮೇಲೇರಿತು. ನಗುವನ್ನು ತಡೆಯಲು ಅವಳು ಕೆಳತುಟಿಯನ್ನು ಒಂದು ಕಡೆಗೆ ಎಳೆದುಕೊಳ್ಳುತ್ತಾಳೆ ಅಂತ ಆಗ ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು.

"ಸೋಲಿಸೋ ಲಿಸ್ಟ್ ಬೇರೆ ಮಾಡ್ತೀನಿ," ಅಂದುಬಿಟ್ಟೆ. "ಮುಂದಿನ ಗುರುವಾರ?"

"ಸರಿ. ಮುಂದಿನ ಗುರುವಾರ."

ನಾನು ಸುಳ್ಳನಲ್ಲ. ಒಂದು ಫ್ಯಾನು ಹೆಚ್ಚಿಗೆ ಸದ್ದು ಮಾಡಿದರೂ ಗಿರಾಕಿಯನ್ನು ಕರೆದು ಹೇಳುವವನು ನಾನು. ಆದರೆ ನಿಜ ಹೇಳಿದ ದಿನ ಅವಳು ಎದುರು ರಸ್ತೆಯ ಅಂಗಡಿಗೆ ಹೋಗಿ ಒಂದು ಕನ್ಸೋಲ್ ಡಬ್ಬಿ ಎತ್ತಿಕೊಂಡು ಹೋಗುತ್ತಾಳೆ. ಮತ್ತೆ ಈ ಕಡೆ ತಲೆ ಹಾಕಲು ಅವಳಿಗೆ ಕಾರಣವೇ ಇರುವುದಿಲ್ಲ. ಕನ್ಸೋಲಿಗೆ ಪದೇಪದೇ ಬಿಚ್ಚುವ ಕೆಲಸವಿಲ್ಲ, ಬದಲಾಯಿಸುವ ಭಾಗಗಳಿಲ್ಲ. ಟಿವಿಗೆ ಚುಚ್ಚಿದರೆ ಮುಗಿಯಿತು. ಅದರ ದೊಡ್ಡ ಗುಣವೇ ಅದು. ನನ್ನ ಪಾಲಿನ ಕೇಡೂ ಅದೇ.

ಮೂರನೇ ಗುರುವಾರ ಅವಳು, "ಬರೀ ಲಿಸ್ಟ್ ನೋಡಿದ್ರೆ ನನಗೇನೂ ಅರ್ಥ ಆಗಲ್ಲ. ಎರಡನ್ನೂ ಪಕ್ಕಪಕ್ಕ ತೋರಿಸಿ," ಅಂದಳು.

ಅಂಗಡಿಯಲ್ಲಿ ಕನ್ಸೋಲ್ ಇದೆ. ಚಿಕ್ಕಪ್ಪ ಗೋಡೌನಿನಲ್ಲಿ ಬಚ್ಚಿಟ್ಟುಕೊಂಡು ಮಧ್ಯಾಹ್ನ ಅದರಲ್ಲಿ ಫುಟ್‌ಬಾಲ್ ಆಡುತ್ತಾರೆ. ಪಿಸಿ ಅಂಗಡಿ ಇಟ್ಟುಕೊಂಡು ಕನ್ಸೋಲ್ ಆಡುತ್ತೇನೆ ಅಂದರೆ ಮರ್ಯಾದೆ ಏನಾದೀತು ಅಂತ ಅವರ ಭಯ. ಗೊಣಗುತ್ತಲೇ ತಂದುಕೊಟ್ಟರು. ಒಂದೇ ಅಳತೆಯ ಎರಡು ಟಿವಿ, ಎರಡರಲ್ಲೂ ಒಂದೇ ಆಟ, ಒಂದೇ ಕಾಡು. ಒಂದಕ್ಕೆ ಕನ್ಸೋಲ್, ಇನ್ನೊಂದಕ್ಕೆ ನಾನು ಜೋಡಿಸಿದ ಅತಿ ದುಬಾರಿ ಪಿಸಿ.

ಅವಳು ಪರದೆಗೆ ಒಂದು ಗೇಣು ದೂರದಲ್ಲಿ ಮುಖ ತಂದು ನಿಂತಳು. ಹಲ್ಲಿನ ಬಣ್ಣ ಹೊಂದಿಸುವವಳ ಕಣ್ಣು ಅದು.

"ಈ ಕಡೆ ನೆರಳಲ್ಲಿ ಎಲೆಗಳು ಬೇರೆಬೇರೆ ಕಾಣ್ತವೆ. ಆ ಕಡೆ ಸ್ವಲ್ಪ ಮುದ್ದೆ. ಇದು ಪಿಸಿ."

"ಹೌದು," ಅಂದೆ. ಹೆಮ್ಮೆಯಾಯಿತು.

ಆಮೇಲೆ ಅವಳು ಹಿಂದೆ ಹಿಂದೆ ಹೆಜ್ಜೆಯಿಟ್ಟು, ಗಿರಾಕಿಗಳಿಗಾಗಿ ಹಾಕಿದ್ದ ಸೋಫಾಕ್ಕೆ ಬಂದು ಕೂತಳು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ನಾನೂ ಕೂತೆ. ನಮ್ಮಿಬ್ಬರ ನಡುವೆ ಒಂದು ಕೀಬೋರ್ಡ್ ಹಿಡಿಸುವಷ್ಟು ಜಾಗವಿತ್ತು. ನಾನು ಅಳೆದದ್ದು ನಿಜ.

"ಇಲ್ಲಿಂದ ಎರಡೂ ಒಂದೇ," ಅಂದಳು ಮೆಲ್ಲಗೆ.

ಅವಳೇ ಉತ್ತರ ಹೇಳಿಬಿಟ್ಟಿದ್ದಳು. ನಾನು "ಹೂಂ" ಅಂದಿದ್ದರೆ ಸಾಕಿತ್ತು. ಬದಲಿಗೆ, ಪಿಸಿಯಲ್ಲಿ ಸೆಕೆಂಡಿಗೆ ಹೆಚ್ಚು ಫ್ರೇಮ್ ಸಿಗುತ್ತೆ, ಮೌಸಲ್ಲಿ ಗುರಿ ಇಡೋದು ಸುಲಭ, ಎರಡು ವರ್ಷದ ಮೇಲೆ ಕಾರ್ಡ್ ಒಂದನ್ನೇ ಬದಲಾಯಿಸ್ಬಹುದು, ಅದರಲ್ಲೇ ಬೇರೆ ಕೆಲಸಾನೂ ಆಗುತ್ತೆ ಅಂತ ಉಸಿರು ಬಿಡದೆ ಒದರಿದೆ. ಒಂದೂ ಸುಳ್ಳಲ್ಲ. ಅವಳಿಗೆ ಅದರಲ್ಲಿ ಒಂದೂ ಬೇಕಾಗಿರಲಿಲ್ಲ. ಆದರೂ ಅವಳು ಪುಟ್ಟ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ಮಧ್ಯೆ ಒಮ್ಮೆ ತಲೆಯೆತ್ತಿ ನನ್ನ ಬಾಯಿ ನೋಡಿ, ತಟ್ಟನೆ ಕಣ್ಣು ಇಳಿಸಿದಳು.

ಅದೇನು ಹಾಗಂದರೆ? ಆ ರೀತಿ ಕಣ್ಣು ಇಳಿಸುವುದು ಹಲ್ಲಿಗಾಗಿ ನೋಡುವವರೂ ಮಾಡುತ್ತಾರಾ?

ಅವಳು ಹೊರಟ ಮೇಲೆ ಚಿಕ್ಕಪ್ಪ ತಮ್ಮ ಕನ್ಸೋಲನ್ನು ಎದೆಗವಚಿಕೊಂಡು ಬಂದರು. "ಲೇ, ನನ್ನ ಹತ್ರ ದಿನಾ ನೀತಿ ಪಾಠ ಹೇಳ್ತೀಯ. ಆ ಹುಡುಗಿಗೆ ಕನ್ಸೋಲ್ ಸಾಕು ಅನ್ನೋಕೆ ಏನು ದಾಡಿ ನಿನಗೆ?"

"ಮಾರಾಟ ಆಗ್ಲಿ ಅಂತ ನೀವೇ ಹೇಳ್ತಿದ್ರಲ್ಲ, ಚಿಕ್ಕಪ್ಪ."

"ಮಾರಾಟ ಆಗ್ಲಿ ಅಂದೆ. ಮಾತಾಡ್ತಾ ಕೂತ್ಕೊ ಅನ್ಲಿಲ್ಲ."

ಮುಂದಿನ ಗುರುವಾರ ಹೇಳಿಯೇಬಿಡುವುದು ಅಂತ ನಿಶ್ಚಯ ಮಾಡಿದೆ. ಅವಳು ಬಂದಳು, ಕೂತಳು, ನೋಟ್‌ಬುಕ್ ತೆರೆದಳು. ಮಾತು ಎಲ್ಲಿಂದ ಶುರುಮಾಡುವುದೋ ತೋಚದೆ, "ನೀವೊಬ್ರೇ ಆಡ್ತೀರಾ?" ಅಂತ ಕೇಳಿದೆ.

"ಇಲ್ಲಪ್ಪ, ಅಕ್ಕನ ಜೊತೆ. ಅವಳು ಬೇರೆ ಊರಲ್ಲಿದಾಳೆ. ಇಬ್ರೇ ಸೇರಿ ದೋಣಿ ಹುಟ್ಟು ಹಾಕೋ ಒಂದು ಆಟ ಇದೆಯಲ್ಲ, ಅದು. ಹೆಡ್‌ಸೆಟ್ ಹಾಕ್ಕೊಂಡು ಮಾತಾಡ್ತಾ ಆಡ್ತೀವಿ. ಫೋನಲ್ಲಾದ್ರೆ ಅಕ್ಕ ಬರೀ ಬುದ್ಧಿ ಹೇಳ್ತಾಳೆ. ಹುಟ್ಟು ಹಾಕ್ವಾಗ ಮಾತ್ರ ಅಕ್ಕನ ಥರ ಇರ್ತಾಳೆ."

"ಅಕ್ಕನ ಹತ್ರ ಇರೋದು ಪಿಸಿನಾ?"

"ಕನ್ಸೋಲು."

ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಆ ಆಟ ನನಗೆ ಗೊತ್ತು. ಪಿಸಿಯವರು ಪಿಸಿಯವರ ಜೊತೆ ಮಾತ್ರ, ಕನ್ಸೋಲಿನವರು ಕನ್ಸೋಲಿನವರ ಜೊತೆ ಮಾತ್ರ. ಅಂಗಡಿಯಲ್ಲೇ ಅತಿ ದುಬಾರಿ ಯಂತ್ರ ಕೊಟ್ಟಿದ್ದರೂ ಅವಳಿಗೆ ಅಕ್ಕನ ದೋಣಿಯಲ್ಲಿ ಕಾಲಿಡಲು ಆಗುತ್ತಿರಲಿಲ್ಲ. ಎಷ್ಟು ಫ್ರೇಮ್ ಬೇಕು, ಎಷ್ಟು ದೊಡ್ಡ ಪರದೆ, ಎಲ್ಲ ಕೇಳಿದ್ದೆ. ಯಾರ ಜೊತೆ ಆಡುತ್ತೀರಿ ಅಂತ ಕೇಳಲು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ಪಿಸಿ ತಗೋಬೇಡಿ," ಅಂದೆ. "ಅದರಲ್ಲಿ ಅಕ್ಕನ ಜೊತೆ ಆಡೋಕೇ ಆಗಲ್ಲ. ನಿಮಗೆ ಕನ್ಸೋಲ್ ಸಾಕು. ಸಾಕು ಏನು, ಅದೇ ಸರಿ. ಮೊದಲನೇ ದಿನಾನೇ ಹೇಳ್ಬೇಕಿತ್ತು. ಗೊತ್ತಿದ್ದೂ ಹೇಳ್ಲಿಲ್ಲ."

ಅವಳು ನೋಟ್‌ಬುಕ್ ಮುಚ್ಚಿದಳು. ಬೈಯುತ್ತಾಳೆ ಅಂತ ಕಾದೆ.

"ನನಗೂ ಗೊತ್ತು," ಅಂದಳು. "ಕನ್ಸೋಲ್ ತಗೊಂಡಾಯ್ತು."

"ಯಾವಾಗ?"

"ನೀವು ಮೊದಲನೇ ಲಿಸ್ಟ್ ಕೊಟ್ರಲ್ಲ, ಅದರ ಮಾರನೇ ದಿನ."

ಆ ಕ್ಷಣ ನಾನು ಕುಣಿದಾಡಬೇಕಿತ್ತು. ನನಗಾದದ್ದು ಸಿಟ್ಟು. ಅಪರಾಧಿ ನಾನು, ಆದರೂ ಮೋಸ ಹೋದವನ ಸಂಕಟ ನನಗೆ. ಅದು ಯಾಕೆ ಅಂತ ಇವತ್ತಿಗೂ ಬಗೆಹರಿದಿಲ್ಲ.

"ಹಾಗಾದ್ರೆ ಇಷ್ಟು ದಿನ ನನ್ನನ್ನ ಆಟ ಆಡಿಸಿದ್ರಾ? ಸುಮ್ಮನೆ ಹೊತ್ತು ಕಳೆಯೋಕೆ ಬರೋಕೆ ಇದೇನು ಪಾರ್ಕಾ?"

ಅವಳ ಮುಖದಲ್ಲಿದ್ದ ತಿಳಿನಗು ಆರಿಹೋಯಿತು. ಬ್ಯಾಗು ಹೆಗಲಿಗೇರಿಸಿದಳು.

"ಗೊತ್ತಿದ್ದದ್ದನ್ನ ಇಷ್ಟು ವಾರ ಯಾಕೆ ಮುಚ್ಚಿಟ್ರಿ ಅಂತ ನಾನೇನಾದ್ರೂ ಕೇಳಿದ್ನಾ?"

ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

"ನಿನ್ನ ತಲೆಯ ಸ್ಕ್ರೂ ಬಿಚ್ಚಿ ಒಳಗೆ ಏನಿದೆ ಅಂತ ಒಂದ್ಸಲ ನೋಡ್ಬೇಕು ಕಣೋ," ಅಂದರು ಚಿಕ್ಕಪ್ಪ.

ಮುಂದಿನ ಗುರುವಾರ ಅವಳು ಬರಲಿಲ್ಲ. ನಾನು ನಾಲ್ಕು ಸಲ ಬಾಗಿಲ ಗಾಜು ಒರೆಸಿದೆ. ಒಂದು ಮದರ್‌ಬೋರ್ಡನ್ನು ಉಲ್ಟಾ ಕೂರಿಸಹೊರಟೆ. ಕನ್ಸೋಲ್ ತಗೊಂಡ ಮೇಲೂ ಬಂದಳು ಅಂದರೆ ನನಗಾಗಿಯೇ ಬಂದಳು. ಹಾಗಲ್ಲದೆ ಗೇಲಿ ಮಾಡಲು ಬಂದಿರಬಹುದೇ? ಗೇಲಿ ಮಾಡುವವರಿಗೆ ಇದೇನು ಪಾರ್ಕಾ ಅಂದರೆ ಅಷ್ಟು ನೋವಾಗುತ್ತದಾ? ಒಂದು ನಿಮಿಷ ಆಕಾಶದಲ್ಲಿ ತೇಲಿದರೆ ಇನ್ನೊಂದು ನಿಮಿಷ ನೆಲದಲ್ಲಿ. ಇದು ಪ್ರೀತಿಯೇ ಆಗಿದ್ದರೆ, ಇಷ್ಟು ತಲೆಕೆಡುವ ವಸ್ತುವನ್ನು ಜನ ಯಾಕೆ ಬಯಸುತ್ತಾರೋ ನನಗಂತೂ ತಿಳಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಂಗಡಿಯನ್ನು ಚಿಕ್ಕಪ್ಪನಿಗೆ ಬಿಟ್ಟು ವಿಚಾರಿಸಿಕೊಂಡು ಅವಳ ಲ್ಯಾಬಿಗೆ ಹೋದೆ. ಎರಡು ಬೀದಿಯಾಚೆ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿ. ಉದ್ದನೆಯ ಮೇಜು, ಬಿಳಿ ದೀಪ, ಟ್ರೇಗಳಲ್ಲಿ ಸಾಲುಸಾಲಾಗಿ ಹಲ್ಲು. ಊರಿನ ಅರ್ಧ ಜನ ಬಾಯಿ ಬಿಟ್ಟು ನನ್ನನ್ನು ನೋಡಿ ನಗುತ್ತಿರುವ ಹಾಗಿತ್ತು. ಅವಳು ಸಣ್ಣ ಕುಂಚದಿಂದ ಒಂದು ಹಲ್ಲಿಗೆ ಬಣ್ಣ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಕುಂಚ ನಿಂತಿತು.

"ಹೊಸ ಲಿಸ್ಟಾ?"

"ಅಲ್ಲ. ಕೈಯಲ್ಲಿ ಏನೂ ಇಲ್ಲ." ಎರಡೂ ಅಂಗೈ ತೋರಿಸಿದೆ. "ಆವತ್ತು ಅಂದದ್ದು ತಪ್ಪು. ಕ್ಷಮಿಸಿ. ಕನ್ಸೋಲ್ ಸಾಕು ಅಂದಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ. ನಿಮ್ಮನ್ನ ನೋಡ್ಬೇಕು ಅನ್ಸುತ್ತೆ. ಗುರುವಾರ ಮಾತ್ರ ಅಲ್ಲ, ದಿನಾ. ಅದನ್ನ ಹೇಳೋಕೆ ಬಂದೆ."

ಅವಳು ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ಕೂತೆ. ಕುಂಚವನ್ನು ನೀರಿಗೆ ಅದ್ದಿ ಒರೆಸಿದಳು.

"ಒಂದು ಕೇಳ್ಲಾ?" ಅಂದೆ. "ನೀವು ನನ್ನ ಬಾಯಿ ನೋಡ್ತಿದ್ದದ್ದು ಹಲ್ಲಿಗಾ?"

"ಮೊದಲನೇ ದಿನ ಹಲ್ಲಿಗೇ. ಎಡಗಡೆ ಕೋರೆಹಲ್ಲು ಸ್ವಲ್ಪ ತಿರುಗಿದೆ ನಿಮ್ದು." ಕಿವಿಯವರೆಗೂ ಕೆಂಪಾದಳು. "ಆಮೇಲಿಂದು ನನಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿದ್ರೆ ಅಷ್ಟೊಂದು ಯಾಕೆ ಬರ್ಕೋತಿದ್ದೆ? ಅದರಲ್ಲಿ ಅರ್ಧ ಏನು ಅಂತಾನೂ ಗೊತ್ತಿಲ್ಲ ನನಗೆ. ಗುರುವಾರ ಬಂತು ಅಂದ್ರೆ ದೋಣಿ ಹತ್ತಿದ ಕೂಡ್ಲೇ ಅಕ್ಕ ಕೇಳೋಳು, ಪಿಸಿಯವರು ಇವತ್ತು ಏನಂದ್ರು ಅಂತ. ನಾನು ಹೇಳ್ತಾ ಕೂರ್ತಿದ್ದೆ. ದೋಣಿ ಬಂಡೆಗೆ ಹೊಡೆಯೋದು."

"ಜಗಳದ ವಿಷಯಾನೂ ಹೇಳಿದ್ರಾ?"

"ಹೇಳದೇ ಇರ್ತೀನಾ? ಇಷ್ಟು ಸಲ ನೀನೇ ಹೋದೆ, ಇನ್ನು ಅವರಾಗಿ ಬರೋತನಕ ಆ ಬೀದಿಗೆ ಕಾಲಿಡ್ಬೇಡ ಅಂತ ಅಕ್ಕ ಆಣೆ ಹಾಕಿಸ್ಕೊಂಡ್ಲು. ನಿನ್ನೆ ಇಡೀ ಮಧ್ಯಾಹ್ನ ಚಪ್ಪಲಿ ಹಾಕ್ಕೊಂಡು ಮನೇಲೇ ಕೂತಿದ್ದೆ."

ನಾನು ಮೇಜಿನ ಮೇಲೆ ಕೈಯಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಬಿಳಿ ಪುಡಿ ಮೆತ್ತಿದ ಅವಳ ಕಿರುಬೆರಳು ನನ್ನ ಕಿರುಬೆರಳಿಗೆ ತಾಗಿ ಅಲ್ಲೇ ಉಳಿಯಿತು. ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಚಿಲ್ಲರೆಗಾಗಿ ವಾದ ಮಾಡುತ್ತಿದ್ದರು.

"ನಾನು ಇವತ್ತೂ ಬರದೇ ಇದ್ದಿದ್ರೆ?" ಅಂತ ಕೇಳಿದೆ.

ಅವಳು ಕೆಳತುಟಿ ಕಚ್ಚಿಕೊಂಡು, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ ನನ್ನ ಕಡೆ ಬಾಗಿದಳು.

"ನಾಳೆ ನಾನೇ ಬರ್ತಿದ್ದೆ. ಅಕ್ಕನಿಗೆ ಮಾತ್ರ ಹೇಳ್ಬೇಡಿ."